ಪಿಯುಸಿ ನಂತರ ಸಾರ್ವಜನಿಕ ಆರೋಗ್ಯ ಪದವಿ: ಸೇರುವ ಮುನ್ನ, ಓದುವಾಗ, ಮುಗಿದ ಮೇಲೆ

ದ್ವಿತೀಯ ಪಿಯುಸಿ ಮತ್ತು ನೀಟ್ ಫಲಿತಾಂಶ ಪ್ರಕಟವಾದ ಮೇಲಿನ ವಾರಗಳಲ್ಲಿ ಪ್ರತಿ ವರ್ಷವೂ ಒಂದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಹೆಚ್ಚುಕಡಿಮೆ ಒಂದೇ ಮಾತುಗಳಲ್ಲಿ ಬರುತ್ತದೆ: “ಮಗಳಿಗೆ ಆರೋಗ್ಯ ಕ್ಷೇತ್ರದಲ್ಲೇ ಮುಂದುವರಿಯುವ ಆಸೆ. ವೈದ್ಯಕೀಯ ಸೀಟು ಸಿಗುವಂತಿಲ್ಲ. ಸಾರ್ವಜನಿಕ ಆರೋಗ್ಯದಲ್ಲಿ ಪದವಿ ಇದೆಯಂತೆ, ಸೇರಿಸಬಹುದೇ?” ಸೇರಿಸಬಹುದು. ಆದರೆ ಇದನ್ನು ಮೂರು ವರ್ಷ ಮುಗಿದ ಕೂಡಲೇ ನೌಕರಿ ಕೊಡಿಸುವ ಕೋರ್ಸ್ ಎಂದು ಭಾವಿಸದೆ, ಸ್ನಾತಕೋತ್ತರ ಪದವಿಯೂ ಸೇರಿದಂತೆ ಐದು ಅಥವಾ ಆರು ವರ್ಷಗಳ ಓದಿನ ಮೊದಲ ಭಾಗ ಎಂದು ತಿಳಿದು ಸೇರಿಸಬೇಕು. ಈ ಒಂದು ವಿಷಯವನ್ನು ಸೇರುವಾಗಲೇ ಯಾರಾದರೂ ಹೇಳಿದ್ದರೆ ಎಷ್ಟೋ ಕುಟುಂಬಗಳ ಹಣ ಮತ್ತು ಎಷ್ಟೋ ವಿದ್ಯಾರ್ಥಿಗಳ ನಿರಾಶೆ ಉಳಿಯುತ್ತಿತ್ತು. ಅದಕ್ಕಾಗಿಯೇ ಈ ಲೇಖನವನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಇದು ಯಾವ ವಿದ್ಯೆ ಎಂಬುದನ್ನು ಮೊದಲು ತಿಳಿದುಕೊಳ್ಳಿ

ವೈದ್ಯರ ಮುಂದೆ ಒಬ್ಬ ರೋಗಿ ಕುಳಿತಿರುತ್ತಾರೆ. ಸಾರ್ವಜನಿಕ ಆರೋಗ್ಯದಲ್ಲಿ ಕೆಲಸ ಮಾಡುವವರ ಮುಂದೆ ಇಡೀ ಊರು ಇರುತ್ತದೆ. ಆ ಊರಿನಲ್ಲಿ ಕಾಯಿಲೆ ಬಿದ್ದವರು ಎಷ್ಟು, ಬೀಳದವರು ಎಷ್ಟು, ಬಿದ್ದವರಿಗೂ ಬೀಳದವರಿಗೂ ನೀರಿನಲ್ಲಿ, ಊಟದಲ್ಲಿ, ಕೆಲಸದಲ್ಲಿ, ವಾಸದ ಜಾಗದಲ್ಲಿ ಇರುವ ವ್ಯತ್ಯಾಸವೇನು, ಮುಂದಿನ ವರ್ಷ ಅದೇ ಕಾಯಿಲೆ ಬಾರದಂತೆ ಏನು ಮಾಡಬೇಕು ಎಂಬ ಪ್ರಶ್ನೆಗಳೇ ಈ ವಿದ್ಯೆಯ ಬುಡ.

ಮಲೆನಾಡಿನವರಿಗೆ ಮಂಗನ ಕಾಯಿಲೆಯ ಉದಾಹರಣೆ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯುತ್ತಿದ್ದಾಗ, ಅದೇ ಹೊತ್ತಿಗೆ ಕಾಡಂಚಿನ ಜನರಿಗೂ ತೀವ್ರ ಜ್ವರ ಬರುತ್ತಿದ್ದಾಗ, ಎರಡನ್ನೂ ಜೋಡಿಸಿ ನೋಡಿದ್ದರಿಂದ ಹೊಸದೊಂದು ವೈರಸ್ ಪತ್ತೆಯಾಯಿತು. ಅದು ಹರಡುವುದು ಉಣ್ಣೆಯ ಕಡಿತದಿಂದ, ಮನುಷ್ಯರಿಂದ ಮನುಷ್ಯರಿಗಲ್ಲ ಎಂಬುದು ತಿಳಿದ ಮೇಲೆ ಮಾಡಬೇಕಾದ ಕೆಲಸವೂ ಸ್ಪಷ್ಟವಾಯಿತು. ಸತ್ತ ಮಂಗ ಕಂಡರೆ ತಕ್ಷಣ ವರದಿ ಮಾಡಬೇಕು, ಚಳಿಗಾಲದಿಂದ ಬೇಸಿಗೆಯವರೆಗೆ ಸೌದೆಗೂ ದರಗಿಗೂ ಕಾಡಿಗೆ ಹೋಗುವವರು ಮೈಗೆ ಉಣ್ಣೆ ನಿರೋಧಕ ತೈಲ ಹಚ್ಚಿಕೊಳ್ಳಬೇಕು, ಜ್ವರ ಬಂದವರ ರಕ್ತ ಪರೀಕ್ಷೆಗೆ ಹೋಗಬೇಕು. ಜ್ವರಪೀಡಿತರ ಶುಶ್ರೂಷೆ ಆಸ್ಪತ್ರೆಯ ಕೆಲಸ. ಸತ್ತ ಮಂಗದ ವರದಿಯಿಂದ ಮನೆಮನೆಯ ತಿಳಿವಳಿಕೆಯವರೆಗಿನ ಉಳಿದದ್ದೆಲ್ಲ ಸಾರ್ವಜನಿಕ ಆರೋಗ್ಯದ ಕೆಲಸ.

ಇಲ್ಲಿ ಮೊದಲ ಎಚ್ಚರಿಕೆ. ಈ ಪದವಿ ಪಡೆದವರು ವೈದ್ಯರಲ್ಲ. ಅವರು ಔಷಧಿ ಬರೆದುಕೊಡುವಂತಿಲ್ಲ, ಹೆಸರಿನ ಹಿಂದೆ ಡಾಕ್ಟರ್ ಎಂದು ಹಾಕಿಕೊಳ್ಳುವಂತಿಲ್ಲ, ಕ್ಲಿನಿಕ್ ತೆರೆಯುವಂತಿಲ್ಲ. ಕರ್ನಾಟಕದಲ್ಲಿ ಖಾಸಗಿ ವೈದ್ಯಕೀಯ ಸಂಸ್ಥೆಗಳನ್ನು 2007ರ ಕಾಯ್ದೆಯೊಂದು ನಿಯಂತ್ರಿಸುತ್ತದೆ. ನೋಂದಣಿಯಿಲ್ಲದೆ ಚಿಕಿತ್ಸೆ ನೀಡುವುದು ಅಪರಾಧ. ಹಾಗೆಯೇ ಆಸ್ಪತ್ರೆ ಆಡಳಿತದ ಪದವಿಯೂ ಸಾರ್ವಜನಿಕ ಆರೋಗ್ಯದ ಪದವಿಯೂ ಒಂದೇ ಅಲ್ಲ. ಮೊದಲನೆಯದು ಆಸ್ಪತ್ರೆಯ ಗೋಡೆಯೊಳಗಿನ ವ್ಯವಸ್ಥೆಯನ್ನು ಕಲಿಸುತ್ತದೆ. ಎರಡನೆಯದರ ಕೆಲಸವೆಲ್ಲ ಆ ಗೋಡೆಯ ಹೊರಗೆ. ಪ್ರವೇಶ ಪುಸ್ತಿಕೆಗಳಲ್ಲಿ ಇವೆರಡನ್ನೂ ಒಂದೇ ಪುಟದಲ್ಲಿ ಬೆರೆಸಿ ಬರೆದಿರುತ್ತಾರೆ, ಗಮನಿಸಿ.

ಹಂತ 2: ನಿಮಗೆ ಇದು ಒಗ್ಗುತ್ತದೆಯೇ ಎಂದು ನಿಮ್ಮ ಬೀದಿಯಲ್ಲೇ ಪರೀಕ್ಷಿಸಿಕೊಳ್ಳಿ

ಶುಲ್ಕ ಕಟ್ಟುವ ಮೊದಲು ಒಂದು ಭಾನುವಾರ ಈ ಪ್ರಯೋಗ ಮಾಡಿ. ನಿಮ್ಮ ಬಡಾವಣೆಯ ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ, ಅವರು ಲಾರ್ವಾ ಸಮೀಕ್ಷೆಗೆ ಹೋಗುವಾಗ ಜೊತೆಗೆ ಹೋಗಿ. ಲಾರ್ವಾ ಸಮೀಕ್ಷೆ ಎಂದರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು ಯಾವ ಮನೆಯ ತೊಟ್ಟಿ, ಡ್ರಮ್ಮು, ಹೂಕುಂಡದ ತಟ್ಟೆಗಳಲ್ಲಿವೆ ಎಂದು ಮನೆಮನೆಗೆ ಹೋಗಿ ಹುಡುಕುವುದು. ನೋಡಿದ ಮನೆಗಳೆಷ್ಟು, ಮರಿ ಸಿಕ್ಕ ಮನೆಗಳೆಷ್ಟು ಎಂದು ಬರೆದುಕೊಳ್ಳಿ. 50 ಮನೆ ನೋಡಿ 6 ಮನೆಗಳಲ್ಲಿ ಮರಿ ಸಿಕ್ಕಿದ್ದರೆ ಆ ಬೀದಿಯ ಮನೆ ಸೂಚ್ಯಂಕ ಶೇ 12. ಇದು ಸೊಳ್ಳೆ ನಿಯಂತ್ರಣದಲ್ಲಿ ದಿನನಿತ್ಯ ಬಳಸುವ ಅಳತೆ.

ಲೆಕ್ಕ ಸುಲಭವಾದದ್ದು. ಕಷ್ಟವಿರುವುದು ಬೇರೆ ಕಡೆ. ಹತ್ತನೆಯ ಮನೆಯವರು ಬಾಗಿಲು ತೆರೆಯುವುದಿಲ್ಲ, ಹದಿನೈದನೆಯ ಮನೆಯವರು “ನಮ್ಮ ಮನೆ ಸ್ವಚ್ಛವಾಗಿದೆ, ಪಕ್ಕದ ಮನೆ ನೋಡಿ” ಎನ್ನುತ್ತಾರೆ, ಇಪ್ಪತ್ತನೆಯ ಮನೆಯ ಅಜ್ಜಿ ವಾರಕ್ಕೊಮ್ಮೆ ಬರುವ ನೀರನ್ನು ಹಿಡಿದಿಡದೆ ಬೇರೆ ದಾರಿಯಿಲ್ಲ ಎಂದು ವಿವರಿಸುತ್ತಾರೆ. ಆ ಅಜ್ಜಿಯ ಮಾತು ಕೇಳಿದಾಗ “ಇವರಿಗೆ ತಿಳಿವಳಿಕೆಯಿಲ್ಲ” ಎಂದು ನಿಮಗೆ ಅನಿಸಿತೋ, “ನೀರು ದಿನವೂ ಬಂದರೆ ಸೊಳ್ಳೆ ಕಡಿಮೆಯಾಗುತ್ತದೆಯಲ್ಲ” ಎಂದು ಅನಿಸಿತೋ ಗಮನಿಸಿಕೊಳ್ಳಿ. ಎರಡನೆಯದು ತಾನಾಗಿ ಹೊಳೆದಿದ್ದರೆ ಈ ಓದು ನಿಮಗೆ ಒಗ್ಗುತ್ತದೆ. ಮೊದಲನೆಯದು ಹೊಳೆದವರೂ ಕಲಿಯಬಹುದು. ಆದರೆ ಆ ಮನೋಭಾವವನ್ನು ಬಿಟ್ಟುಕೊಡಲು ಸಿದ್ಧರಿರಬೇಕು. ಇನ್ನು ಅಂಕಿಅಂಶಗಳೆಂದರೆ ಓಡಿಹೋಗುವವರು, “ಗಣಿತ ಬೇಡ ಎಂದೇ ಇದನ್ನು ಆರಿಸಿದೆ” ಎನ್ನುವವರು ದಯವಿಟ್ಟು ಮತ್ತೊಮ್ಮೆ ಯೋಚಿಸಿ. ಸಂಖ್ಯಾಶಾಸ್ತ್ರವಿಲ್ಲದ ಸಾರ್ವಜನಿಕ ಆರೋಗ್ಯವಿಲ್ಲ.

ಹಂತ 3: ಮೂರು ದಾರಿಗಳಲ್ಲಿ ಒಂದನ್ನು ಆರಿಸಿಕೊಳ್ಳಿ

ನೇರ ದಾರಿಯೆಂದರೆ ಬಿಪಿಎಚ್ (ಬ್ಯಾಚುಲರ್ ಆಫ್ ಪಬ್ಲಿಕ್ ಹೆಲ್ತ್) ಅಥವಾ ಸಾರ್ವಜನಿಕ ಆರೋಗ್ಯದಲ್ಲಿ ಬಿ.ಎಸ್ಸಿ. ಇದಕ್ಕೆ ನೀಟ್ ಬೇಕಾಗಿಲ್ಲ. ಭಾರತದಲ್ಲಿ ಈ ವಿಷಯ ಬಹುಕಾಲ ಸ್ನಾತಕೋತ್ತರ ಮಟ್ಟದಲ್ಲಷ್ಟೇ ಇತ್ತು; ಪದವಿ ಮಟ್ಟಕ್ಕೆ ಬಂದದ್ದು ಈಚೆಗೆ, ಅದೂ ಹೆಚ್ಚಾಗಿ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ. ಕೆಲವು ಕಡೆ ಪಿಯುಸಿಯಲ್ಲಿ ಜೀವಶಾಸ್ತ್ರ ಕಡ್ಡಾಯ, ಕೆಲವು ಕಡೆ ಕಲಾ ಮತ್ತು ವಾಣಿಜ್ಯ ವಿಭಾಗದವರಿಗೂ ಅವಕಾಶ. ಅರ್ಜಿ ಶುಲ್ಕ ಕಟ್ಟುವ ಮೊದಲೇ ಇದನ್ನು ಖಚಿತಪಡಿಸಿಕೊಳ್ಳಿ.

ಎರಡನೆಯದು ಪಕ್ಕದ ದಾರಿ. ಬಿ.ಎಸ್ಸಿ ನರ್ಸಿಂಗ್, ಸಂಖ್ಯಾಶಾಸ್ತ್ರ, ಆಹಾರ ಮತ್ತು ಪೋಷಣೆ, ಸಮಾಜಕಾರ್ಯ, ಸೂಕ್ಷ್ಮಜೀವಶಾಸ್ತ್ರ, ಅರ್ಥಶಾಸ್ತ್ರ ಇವುಗಳಲ್ಲಿ ಯಾವುದಾದರೂ ಪದವಿ ಪಡೆದು, ಅನಂತರ ಎಂಪಿಎಚ್ ಎಂಬ, ಸಾರ್ವಜನಿಕ ಆರೋಗ್ಯದ ಎರಡು ವರ್ಷದ ಸ್ನಾತಕೋತ್ತರ ಪದವಿಗೆ ಸೇರುವುದು. ಸಾಲ ಮಾಡದೆ ಓದಬೇಕಾದ ಕುಟುಂಬಗಳಿಗೆ ನಾನು ಸಾಮಾನ್ಯವಾಗಿ ಇದನ್ನೇ ಸೂಚಿಸುತ್ತೇನೆ. ಸರ್ಕಾರಿ ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದ ವಿದ್ಯಾರ್ಥಿಗೆ ಖರ್ಚು ಕಡಿಮೆ, ಬುನಾದಿ ಗಟ್ಟಿ, ಮುಂದೆ ಮನಸ್ಸು ಬದಲಾದರೆ ಬೇರೆ ಬಾಗಿಲುಗಳೂ ತೆರೆದಿರುತ್ತವೆ. ನರ್ಸಿಂಗ್ ಓದಿದವರಿಗೆ ವೃತ್ತಿ ನೋಂದಣಿಯ ಆಸರೆಯಿದೆ. ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ, ಅಂದರೆ ಮೇಲ್ದರ್ಜೆಗೇರಿಸಿದ ಉಪಕೇಂದ್ರಗಳಲ್ಲಿ, ಕೆಲಸ ಮಾಡುವ ಸಮುದಾಯ ಆರೋಗ್ಯಾಧಿಕಾರಿಗಳು ಹೆಚ್ಚಾಗಿ ನರ್ಸಿಂಗ್ ಹಿನ್ನೆಲೆಯವರೇ. ಕರ್ನಾಟಕದಲ್ಲಿ ಬಿ.ಎಸ್ಸಿ ನರ್ಸಿಂಗ್ ಪ್ರವೇಶ ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ನಡೆಯುತ್ತದೆ, ಆದ್ದರಿಂದ ಆ ದಾರಿ ಹಿಡಿಯುವವರು ಸಿಇಟಿ ಅರ್ಜಿಯ ಕೊನೆಯ ದಿನಾಂಕವನ್ನು ತಪ್ಪಿಸಿಕೊಳ್ಳಬಾರದು.

ಮೂರನೆಯದು ವೈದ್ಯಕೀಯ, ದಂತವೈದ್ಯಕೀಯ ಅಥವಾ ಆಯುಷ್ ಪದವಿ ಪಡೆದು ಅನಂತರ ಈ ಕಡೆಗೆ ಬರುವುದು. ಅದು ಬೇರೆಯದೇ ಕಥೆ, ಇಲ್ಲಿ ವಿಸ್ತರಿಸುವುದಿಲ್ಲ.

ಹಾಗಾದರೆ ನೇರ ದಾರಿ ಯಾರಿಗೆ? ಹಳ್ಳಿ, ವಾರ್ಡು, ಅಂಕಿಅಂಶ, ನೀತಿ ಇವೇ ತಮ್ಮ ಕೆಲಸವಾಗಬೇಕು ಎಂದು ಹದಿನೆಂಟನೆಯ ವಯಸ್ಸಿಗೇ ನಿರ್ಧರಿಸಿದವರಿಗೆ, ಸ್ನಾತಕೋತ್ತರ ಓದಿಗೂ ಹಣ ಹೊಂದಿಸಬಲ್ಲವರಿಗೆ ಮತ್ತು ಕಾಲೇಜು ನಿಜಕ್ಕೂ ಕ್ಷೇತ್ರಕಾರ್ಯ ಮಾಡಿಸುತ್ತದೆ ಎಂದು ಕಣ್ಣಾರೆ ಕಂಡವರಿಗೆ. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಎರಡನೆಯ ದಾರಿಯೇ ವಾಸಿ.

ಹಂತ 4: ಕಾಲೇಜನ್ನು ಪರಿಶೀಲಿಸಿ

ಜನ ಹೆಚ್ಚು ಎಡವುವುದು ಇಲ್ಲಿಯೇ. ವೈದ್ಯಕೀಯ ಪದವಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ನರ್ಸಿಂಗ್‌ಗೆ ನರ್ಸಿಂಗ್ ಪರಿಷತ್ತು ಇರುವಂತೆ ಸಾರ್ವಜನಿಕ ಆರೋಗ್ಯ ಪದವೀಧರರನ್ನು ನೋಂದಾಯಿಸಿಕೊಳ್ಳುವ ಪ್ರತ್ಯೇಕ ವೃತ್ತಿಪರ ಪರಿಷತ್ತು ನಮ್ಮಲ್ಲಿಲ್ಲ. ಆದ್ದರಿಂದ ಒಂದೇ ಹೆಸರಿನ ಪದವಿಯಲ್ಲಿ ಒಂದು ಕಾಲೇಜು ಕಲಿಸುವುದಕ್ಕೂ ಇನ್ನೊಂದು ಕಾಲೇಜು ಕಲಿಸುವುದಕ್ಕೂ ಅಜಗಜಾಂತರ ಇರಬಹುದು. ಪರಿಶೀಲನೆಯ ಹೊಣೆ ನಿಮ್ಮ ಮೇಲೆಯೇ ಬೀಳುತ್ತದೆ.

ಮೊದಲು ಮಾನ್ಯತೆ. ಪದವಿ ಕೊಡುವ ವಿಶ್ವವಿದ್ಯಾಲಯದ ಹೆಸರು ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, ಪಟ್ಟಿಯಲ್ಲಿದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ಯುಜಿಸಿ ಪ್ರಕಟಿಸುತ್ತದೆ. ಕಾಲೇಜು ಬೇರೊಂದು ವಿಶ್ವವಿದ್ಯಾಲಯಕ್ಕೆ ಸೇರಿದ್ದರೆ, ನೀವು ಸೇರುವ ಶೈಕ್ಷಣಿಕ ವರ್ಷಕ್ಕೆ, ನೀವು ಸೇರುವ ಕೋರ್ಸಿಗೇ ಸಂಯೋಜನೆ ಸಿಕ್ಕಿರುವ ಆದೇಶದ ಪ್ರತಿಯನ್ನು ಕೇಳಿ ಓದಿ. ಸಂಯೋಜನೆ ಎಂದರೆ ಆ ಕೋರ್ಸ್ ನಡೆಸಲು ವಿಶ್ವವಿದ್ಯಾಲಯ ಕಾಲೇಜಿಗೆ ಕೊಡುವ ಒಪ್ಪಿಗೆ. “ಕಾಲೇಜಿಗೆ ಮಾನ್ಯತೆ ಇದೆ” ಎಂಬ ಮಾತೂ “ಈ ಕೋರ್ಸಿಗೆ ಮಾನ್ಯತೆ ಇದೆ” ಎಂಬ ಮಾತೂ ಬೇರೆ ಬೇರೆ.

ಎರಡನೆಯದಾಗಿ ಪಠ್ಯಕ್ರಮದ ಪೂರ್ಣ ಪ್ರತಿ ಪಡೆಯಿರಿ. ಎಪಿಡೆಮಿಯಾಲಜಿ, ಅಂದರೆ ಕಾಯಿಲೆ ಜನಸಮುದಾಯದಲ್ಲಿ ಹಂಚಿಕೆಯಾಗುವ ರೀತಿ ಮತ್ತು ಅದರ ಕಾರಣಗಳ ಶಾಸ್ತ್ರ, ಎಷ್ಟು ಸೆಮಿಸ್ಟರ್‌ಗಳಲ್ಲಿದೆ ನೋಡಿ. ಜೈವಿಕ ಸಂಖ್ಯಾಶಾಸ್ತ್ರ ಎಷ್ಟು ಪತ್ರಿಕೆಗಳಲ್ಲಿದೆ, ಅದನ್ನು ಕಂಪ್ಯೂಟರಿನಲ್ಲಿ ಮಾಡಿಸುತ್ತಾರೆಯೇ ಅಥವಾ ಬಾಯಿಪಾಠ ಮಾಡಿಸುತ್ತಾರೆಯೇ ಕೇಳಿ. ಇವೆರಡೂ ಒಂದೊಂದೇ ಪತ್ರಿಕೆಯಲ್ಲಿ ಮುಗಿದು ಉಳಿದದ್ದೆಲ್ಲ ನಿರ್ವಹಣೆ ಮತ್ತು ಸಂವಹನ ಕೌಶಲಗಳೇ ತುಂಬಿದ್ದರೆ ಅದು ಹೆಸರಿಗಷ್ಟೇ ಸಾರ್ವಜನಿಕ ಆರೋಗ್ಯ.

ಮೂರನೆಯದು ಕ್ಷೇತ್ರಕಾರ್ಯ. ವಿದ್ಯಾರ್ಥಿಗಳು ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಎಷ್ಟು ವಾರ, ಯಾರ ಮೇಲ್ವಿಚಾರಣೆಯಲ್ಲಿ ಹೋಗುತ್ತಾರೆ ಎಂದು ಕೇಳಿ. ಉತ್ತರದಲ್ಲಿ ಊರಿನ ಹೆಸರು ಬರಬೇಕು. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬುದು ರಾಷ್ಟ್ರೀಯ ಮಾನದಂಡ; ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಗಳಲ್ಲಿ ಅದು ಕ್ರಮವಾಗಿ 20,000 ಮತ್ತು 3,000. ಈ ವ್ಯವಸ್ಥೆಯನ್ನು ಉಪಕೇಂದ್ರದಿಂದ ಜಿಲ್ಲಾ ಆಸ್ಪತ್ರೆಯವರೆಗೆ ಕಾಲ್ನಡಿಗೆಯಲ್ಲಿ ನೋಡದೆ ಪದವಿ ಮುಗಿಸಿದವರಿಗೆ ಮುಂದೆ ಸಂದರ್ಶನದಲ್ಲಿ ಹೇಳಲು ಏನೂ ಇರುವುದಿಲ್ಲ. ಸಾಧ್ಯವಾದರೆ ಮೂರನೆಯ ವರ್ಷದ ವಿದ್ಯಾರ್ಥಿಯೊಬ್ಬರನ್ನು ಕಾಲೇಜಿನ ಹೊರಗೆ ಭೇಟಿಯಾಗಿ, “ಕಳೆದ ವರ್ಷ ನೀವು ಎಷ್ಟು ದಿನ ಹಳ್ಳಿಯಲ್ಲಿದ್ದಿರಿ?” ಎಂದು ಕೇಳಿ. ಕಾಲೇಜಿನ ಕೈಪಿಡಿಯ ನಲವತ್ತು ಪುಟಗಳು ಹೇಳದ್ದನ್ನು ಆ ಉತ್ತರ ಹೇಳುತ್ತದೆ.

ನಾಲ್ಕನೆಯದು ಅವಧಿ. ಕರ್ನಾಟಕ ಸರ್ಕಾರ 2024ರ ಮೇ ತಿಂಗಳಿನಲ್ಲಿ ನಾಲ್ಕು ವರ್ಷದ ಆನರ್ಸ್ ಪದ್ಧತಿಯನ್ನು ಕೈಬಿಟ್ಟು, 2024–25ನೇ ಸಾಲಿನಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷದ ಪದವಿಗೆ ಮರಳಿತು. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲೂ ಹೊರ ರಾಜ್ಯಗಳಲ್ಲೂ ನಾಲ್ಕು ವರ್ಷದ ಪದವಿಗಳಿವೆ. ಕೆಲವು ಸ್ನಾತಕೋತ್ತರ ಕೋರ್ಸುಗಳು, ವಿಶೇಷವಾಗಿ ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳು, ನಾಲ್ಕು ವರ್ಷದ ಪದವಿಯನ್ನು ಕೇಳುತ್ತವೆ. ವಿದೇಶದ ಯೋಚನೆ ಇದ್ದರೆ ಈಗಲೇ ಲೆಕ್ಕ ಹಾಕಿ.

“ಶೇ 100 ಉದ್ಯೋಗ ಖಾತರಿ” ಎಂಬ ಜಾಹೀರಾತು ಕಂಡರೆ ಕಳೆದ ಬ್ಯಾಚಿನವರು ಯಾವ ಹುದ್ದೆಯಲ್ಲಿ, ಯಾವ ಸಂಬಳಕ್ಕೆ ಸೇರಿದ್ದಾರೆ ಎಂಬ ವಿವರವನ್ನು ಲಿಖಿತವಾಗಿ ಕೇಳಿ. ಕೊಡಲು ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಹಂತ 5: ಅರ್ಜಿ, ದಾಖಲೆ, ಹಣ

ಈ ಹಂತ ಯಾಂತ್ರಿಕವಾದದ್ದು, ಬೇಗ ಮುಗಿಸೋಣ. ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ಫಲಿತಾಂಶಕ್ಕೆ ಮೊದಲೇ ಸಿದ್ಧವಾಗಿಟ್ಟುಕೊಳ್ಳಿ. ಎಲ್ಲ ದಾಖಲೆಗಳಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇರಬೇಕು. ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಅರ್ಜಿ ಅಲ್ಲಿಯೇ ನಿಲ್ಲುತ್ತದೆ. ವಿದ್ಯಾರ್ಥಿವೇತನ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೇ ಬರುವುದರಿಂದ ಆ ಜೋಡಣೆಯನ್ನು ಬ್ಯಾಂಕಿನಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಿ. ನೀವು ಸೇರಲಿರುವ ಕೋರ್ಸ್ ಆ ತಂತ್ರಾಂಶದ ಪಟ್ಟಿಯಲ್ಲಿದೆಯೇ ಎಂಬುದನ್ನೂ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಬೇಕು.

ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಹಿಂದಿರುಗಿಸಬೇಕೇ ಹೊರತು ತಮ್ಮಲ್ಲಿ ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲಿ ಅಧಿಸೂಚನೆ ಹೊರಡಿಸಿದೆ. ಪ್ರವೇಶ ರದ್ದು ಮಾಡಿದವರಿಗೆ ಶುಲ್ಕ ಮರುಪಾವತಿಯ ನಿಯಮವೂ ಅದರಲ್ಲಿದೆ. ಮುಂಗಡ ಕಟ್ಟುವ ದಿನ ಈ ಎರಡನ್ನೂ ನೆನಪಿನಲ್ಲಿಡಿ. ಕೊನೆಯದಾಗಿ, ಶುಲ್ಕದ ಲೆಕ್ಕದಲ್ಲಿ ಎಂಪಿಎಚ್‌ನ ಎರಡು ವರ್ಷವನ್ನೂ ಸೇರಿಸಿ. ಪದವಿಗೇ ಪೂರ್ತಿ ಸಾಲ ತೆಗೆದುಕೊಂಡು ಸ್ನಾತಕೋತ್ತರ ಪದವಿಗೆ ಏನೂ ಉಳಿಯದ ಸ್ಥಿತಿ ಬರಬಾರದು.

ಹಂತ 6: ಓದುವ ವರ್ಷಗಳಲ್ಲಿ ಗಟ್ಟಿ ಮಾಡಿಕೊಳ್ಳಬೇಕಾದದ್ದು

ಈ ವಿದ್ಯೆಯ ಹೃದಯ ಛೇದದಲ್ಲಿದೆ. ಶಾಲೆಯಲ್ಲಿ ಕಲಿತ ಅಂಶ ಮತ್ತು ಛೇದದ ಛೇದವೇ ಇದು. “ನಮ್ಮ ತಾಲ್ಲೂಕಿನಲ್ಲಿ 40 ಡೆಂಗಿ ಪ್ರಕರಣ” ಎಂಬ ವಾಕ್ಯ ಪತ್ರಿಕೆಗೆ ಸಾಕು, ನಿಮಗೆ ಸಾಲದು. ಎಷ್ಟು ಜನರಲ್ಲಿ 40, ಎಷ್ಟು ದಿನಗಳಲ್ಲಿ 40, ಎಷ್ಟು ಜನರನ್ನು ಪರೀಕ್ಷಿಸಿದಾಗ 40 ಎಂದು ಕೇಳುವ ಅಭ್ಯಾಸ ಮೊದಲ ವರ್ಷದಲ್ಲೇ ಆಗಬೇಕು.

ಎರಡು ಪದಗಳನ್ನು ಇಲ್ಲಿಯೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ಪದವಿ ಮುಗಿಸಿದವರೂ ಇವುಗಳಲ್ಲಿ ಗೊಂದಲ ಮಾಡಿಕೊಳ್ಳುತ್ತಾರೆ. ಒಂದು ಹಳ್ಳಿಯಲ್ಲಿ 1,000 ಜನರಿದ್ದಾರೆ ಎಂದುಕೊಳ್ಳಿ. ಜನವರಿ 1ರಂದು 60 ಜನರಿಗೆ ಒಂದು ದೀರ್ಘಕಾಲದ ಕಾಯಿಲೆ ಈಗಾಗಲೇ ಇದೆ. ಆ ದಿನದ ಮಟ್ಟಿಗೆ ಕಾಯಿಲೆ ಇರುವವರ ಪ್ರಮಾಣ ಶೇ 6. ಇದನ್ನು ಪ್ರಿವಲೆನ್ಸ್ ಎನ್ನುತ್ತಾರೆ. ಆ ವರ್ಷದಲ್ಲಿ ಹೊಸದಾಗಿ 47 ಜನರಿಗೆ ಕಾಯಿಲೆ ಬಂತು. ಹೊಸ ಪ್ರಕರಣಗಳ ಪ್ರಮಾಣ, ಅಂದರೆ ಇನ್ಸಿಡೆನ್ಸ್, ಎಷ್ಟು? ಬಹಳ ವಿದ್ಯಾರ್ಥಿಗಳು 47ನ್ನು 1,000ದಿಂದ ಭಾಗಿಸಿ ಶೇ 4.7 ಎನ್ನುತ್ತಾರೆ. ತಪ್ಪು. ಮೊದಲೇ ಕಾಯಿಲೆ ಇದ್ದ 60 ಜನರಿಗೆ ಅದು ಹೊಸದಾಗಿ ಬರುವ ಪ್ರಶ್ನೆಯೇ ಇಲ್ಲ; ಆದ್ದರಿಂದ ಛೇದ 940, ಉತ್ತರ ಶೇ 5. ಪ್ರಿವಲೆನ್ಸ್ ಹೆಚ್ಚಾಯಿತು ಎಂದರೆ ಕಾಯಿಲೆ ಹೆಚ್ಚು ಹರಡುತ್ತಿದೆ ಎಂದೇ ಅರ್ಥವಲ್ಲ. ಚಿಕಿತ್ಸೆ ಸುಧಾರಿಸಿ ರೋಗಿಗಳು ಹೆಚ್ಚು ವರ್ಷ ಬದುಕಿದರೂ ಅದು ಏರುತ್ತದೆ. ಈ ಒಂದು ವಾಕ್ಯದ ಹಿಂದಿನ ತರ್ಕ ಹಿಡಿತಕ್ಕೆ ಬಂದರೆ ಎಪಿಡೆಮಿಯಾಲಜಿಯ ಅರ್ಧ ಭಯ ಹೋಗುತ್ತದೆ.

ಎರಡನೆಯ ವರ್ಷದಿಂದ ನಿಜವಾದ ದತ್ತಾಂಶದ ಮೇಲೆ ಕೈಯಾಡಿಸಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ವರದಿಗಳು ಉಚಿತವಾಗಿ ಸಿಗುತ್ತವೆ. 2015–16ರ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ರಕ್ತಹೀನತೆ ಶೇ 44.8 ಇತ್ತು, 2019–21ರಲ್ಲಿ ಶೇ 47.8ಕ್ಕೆ ಏರಿತು. ಏಕೆ ಎಂದು ಕೇಳಿಕೊಳ್ಳಿ. ಊಟ ಬದಲಾಯಿತೇ, ಕಬ್ಬಿಣಾಂಶದ ಮಾತ್ರೆ ತಲುಪಲಿಲ್ಲವೇ, ಮಾದರಿಯ ಏರಿಳಿತವೇ, ಬೆರಳ ತುದಿಯ ರಕ್ತದಲ್ಲಿ ಅಳೆಯುವುದಕ್ಕೂ ರಕ್ತನಾಳದಿಂದ ತೆಗೆದು ಅಳೆಯುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಎಷ್ಟು ಮುಖ್ಯ ಎಂದು ಒಂದೊಂದನ್ನೇ ಹಿಡಿದು ನಿಮ್ಮ ಜಿಲ್ಲೆಯ ಮಟ್ಟಿಗೆ ನಾಲ್ಕು ಪುಟ ಬರೆಯಿರಿ. ಅಂಥ ನಾಲ್ಕು ಪುಟಗಳು ಯಾವುದೇ ಆನ್‌ಲೈನ್ ಪ್ರಮಾಣಪತ್ರಕ್ಕಿಂತ ಹೆಚ್ಚು ತೂಗುತ್ತವೆ. ಇದಕ್ಕೆ ಬೇಕಾದ ಉಪಕರಣಗಳೂ ಉಚಿತ: ಲೆಕ್ಕಕ್ಕೂ ಸಮೀಕ್ಷೆಯ ವಿಶ್ಲೇಷಣೆಗೂ ಆರ್ ಎಂಬ ತಂತ್ರಾಂಶ, ನಕ್ಷೆಗೆ ಕ್ಯೂಜಿಐಎಸ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಾದರೆ ನಿಮ್ಮೂರಿನ ಕೊಳವೆಬಾವಿಗಳ ಫ್ಲೋರೈಡ್ ಪ್ರಮಾಣವನ್ನೇ ನಕ್ಷೆಯ ಮೇಲೆ ಗುರುತಿಸಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ ಮಿತಿ, ಬೇರೆ ನೀರಿನ ಮೂಲ ಇಲ್ಲದ ಕಡೆ 1.5. ಯಾವ ಬಾವಿ ಈ ಗೆರೆ ದಾಟಿದೆ, ಆ ನೀರು ಯಾವ ಶಾಲೆಯ ಮಕ್ಕಳಿಗೆ ಹೋಗುತ್ತಿದೆ ಎಂಬ ಒಂದು ನಕ್ಷೆ ಗ್ರಾಮ ಪಂಚಾಯಿತಿಗೆ ನಿಜಕ್ಕೂ ಉಪಯೋಗವಾಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಪ್ರತ್ಯೇಕವಾಗಿ ಒಂದು ಮಾತು. ಪಠ್ಯ ಇಂಗ್ಲಿಷಿನಲ್ಲಿರುವುದರಿಂದ ಮೊದಲ ಎರಡು ಸೆಮಿಸ್ಟರ್ ಕಷ್ಟವಾಗುತ್ತದೆ, ನಿಜ. ಆದರೆ ಸಮೀಕ್ಷೆಯ ಗುಣಮಟ್ಟ ನಿರ್ಧಾರವಾಗುವುದು ಪ್ರಶ್ನಾವಳಿಯ ಕನ್ನಡದಲ್ಲಿ, ಮತ್ತು ಅಲ್ಲಿ ನೀವು ಮುಂದಿರುತ್ತೀರಿ. “ಕಳೆದ ಎರಡು ವಾರಗಳಲ್ಲಿ ಮಗುವಿಗೆ ಅತಿಸಾರವಾಗಿತ್ತೇ?” ಎಂದು ಕೇಳಿದರೆ ತಾಯಿ ಇಲ್ಲ ಎನ್ನಬಹುದು, “ಭೇದಿಯಾಗಿತ್ತೇ, ದಿನಕ್ಕೆ ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ನೀರು ನೀರಾಗಿ ಹೋಗಿತ್ತೇ?” ಎಂದರೆ ಅದೇ ತಾಯಿ ಹೌದು ಎನ್ನುತ್ತಾರೆ. ಋತುಸ್ರಾವ ಎಂಬ ಪುಸ್ತಕದ ಪದಕ್ಕೆ ಉತ್ತರ ಬಾರದ ಮನೆಯಲ್ಲಿ ಹೊರಗಾಗುವುದು ಅಥವಾ ಮುಟ್ಟು ಎಂದರೆ ಮಾತು ಮುಂದುವರಿಯುತ್ತದೆ. ಸರಿಯಾದ ಕ್ರಮವೆಂದರೆ ಒಬ್ಬರು ಪ್ರಶ್ನೆಯನ್ನು ಕನ್ನಡಕ್ಕೆ ತರಬೇಕು, ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು, ಎರಡೂ ತಾಳೆಯಾಗದ ಕಡೆ ಕನ್ನಡವನ್ನು ತಿದ್ದಬೇಕು. ಅನಂತರ ಹತ್ತು ಮನೆಗಳಲ್ಲಿ ಪ್ರಯೋಗಿಸಿ ನೋಡಬೇಕು. ಕಲಬುರಗಿಯ ಪ್ರಶ್ನಾವಳಿಯನ್ನು ಹಾಗೆಯೇ ಚಾಮರಾಜನಗರಕ್ಕೆ ಒಯ್ಯುವಂತಿಲ್ಲ.

ಜನರ ಮನೆಗೆ ಹೋಗಿ ಪ್ರಶ್ನೆ ಕೇಳುವಾಗ ಅವರ ಒಪ್ಪಿಗೆಯನ್ನು ಮೊದಲು ಪಡೆಯುವುದು ಶಿಷ್ಟಾಚಾರ ಮಾತ್ರವಲ್ಲ, ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯನ್ನು ಒಮ್ಮೆಯಾದರೂ ಪೂರ್ತಿ ಓದಿ. ನಿಮ್ಮ ಅಧ್ಯಯನಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಬೇಕು. ಹದಿನೆಂಟು ತುಂಬದವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಅಗತ್ಯ. ತಿಳಿವಳಿಕೆ ಬಂದ ವಯಸ್ಸಿನ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಕ್ಷಯ ಅಥವಾ ಎಚ್‌ಐವಿ ಇರುವವರ ಹೆಸರಿನ ಪಟ್ಟಿಯನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದು ಗುಂಪಿಗೆ ಕಳುಹಿಸುವ ವಿದ್ಯಾರ್ಥಿಗಳಿದ್ದಾರೆ. ಆ ಒಂದು ಫೋಟೊದಿಂದ ಒಬ್ಬರ ಬಾಡಿಗೆ ಮನೆ ಹೋಗಬಹುದು, ಒಬ್ಬರ ಮದುವೆ ನಿಲ್ಲಬಹುದು. ಇದನ್ನು ಎಂದಿಗೂ ಮಾಡಬೇಡಿ, ಮಾಡುವವರನ್ನು ತಡೆಯಿರಿ.

ಹಂತ 7: ಪದವಿ ಮುಗಿಯುವ ವರ್ಷ

ಐದನೆಯ ಸೆಮಿಸ್ಟರ್ ಆರಂಭವಾದಾಗಲೇ ಮುಂದಿನದನ್ನು ಯೋಚಿಸಿ. ಸರ್ಕಾರಿ ಹುದ್ದೆಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಆರೋಗ್ಯ ನಿರೀಕ್ಷಣಾಧಿಕಾರಿ ಹುದ್ದೆಗೆ ಕೇಳುತ್ತ ಬಂದಿರುವುದು ಆರೋಗ್ಯ ನಿರೀಕ್ಷಕರ ಡಿಪ್ಲೊಮಾ. ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಹುದ್ದೆಗೆ ಎಎನ್‌ಎಂ (ಸಹಾಯಕ ಶುಶ್ರೂಷಕಿ ಮತ್ತು ಸೂಲಗಿತ್ತಿ) ತರಬೇತಿ ಮತ್ತು ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು. ಬಿಪಿಎಚ್ ಇವುಗಳಿಗಿಂತ ದೊಡ್ಡ ಓದು ಎಂಬ ಕಾರಣಕ್ಕೆ ತಾನಾಗಿ ಇವುಗಳಿಗೆ ಸಮಾನವಾಗುವುದಿಲ್ಲ. ನೇಮಕಾತಿ ಅಧಿಸೂಚನೆಯಲ್ಲಿ ಪದವಿಯ ಹೆಸರು ಅಕ್ಷರಶಃ ಇದೆಯೇ ಎಂದು ನೋಡಿದ ಮೇಲೆಯೇ ಅರ್ಜಿ ಹಾಕಿ. ಕೇಂದ್ರ ಆರೋಗ್ಯ ಸಚಿವಾಲಯ 2022ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯ ನಿರ್ವಹಣಾ ವೃಂದದ ಮಾರ್ಗಸೂಚಿ ಹೊರಡಿಸಿದ್ದು ನಿಜ. ಆದರೆ ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯ. ಯಾವ ಹುದ್ದೆಗೆ ಯಾರು ಅರ್ಹರು ಎಂದು ನಿರ್ಧರಿಸುವುದು ಆಯಾ ರಾಜ್ಯದ ವೃಂದ ಮತ್ತು ನೇಮಕಾತಿ ನಿಯಮಗಳು. ಆ ಮಾರ್ಗಸೂಚಿಯನ್ನು ತೋರಿಸಿ “ಇನ್ನು ಬಿಪಿಎಚ್‌ನವರಿಗೆ ಸರ್ಕಾರಿ ಕೆಲಸ ಖಚಿತ” ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪದವಿ ಮುಗಿದ ಕೂಡಲೇ ನಿಜವಾಗಿ ಸಿಗುವ ಕೆಲಸಗಳೆಂದರೆ ಸಂಶೋಧನಾ ಯೋಜನೆಗಳಲ್ಲಿ ಕ್ಷೇತ್ರ ಸಮೀಕ್ಷಕ, ದತ್ತಾಂಶ ಸಹಾಯಕ, ಸ್ವಯಂಸೇವಾ ಸಂಸ್ಥೆಗಳಲ್ಲಿ ಕ್ಷೇತ್ರ ಸಂಯೋಜಕ. ಸಂಬಳ ಹೆಚ್ಚಿರುವುದಿಲ್ಲ, ಒಪ್ಪಂದ ಯೋಜನೆಯ ಅವಧಿಗಷ್ಟೇ. ಹಾಗಿದ್ದರೂ ಒಂದು ವರ್ಷ ಇಂಥ ಕೆಲಸ ಮಾಡಿ ಎಂಪಿಎಚ್‌ಗೆ ಹೋಗುವವರು ತರಗತಿಯಲ್ಲಿ ಬೇರೆಯೇ ಪ್ರಶ್ನೆಗಳನ್ನು ಕೇಳುತ್ತಾರೆ ಎಂಬುದನ್ನು ನಾನು ಕಂಡಿದ್ದೇನೆ. ಅವಕಾಶ ಸಿಕ್ಕರೆ ಬಿಡಬೇಡಿ.

ಎಂಪಿಎಚ್‌ಗೆ ಕನ್ನಡ ವಿದ್ಯಾರ್ಥಿಗಳು ನೋಡಬಹುದಾದ ಸಂಸ್ಥೆಗಳು ಹತ್ತಿರದಲ್ಲೇ ಇವೆ: ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್ ಆಫ್ ಪಬ್ಲಿಕ್ ಹೆಲ್ತ್, ಕಾಸರಗೋಡು ಜಿಲ್ಲೆಯಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯ ಸಂಸ್ಥೆಗಳು. ಸ್ವಲ್ಪ ದೂರ ಹೋಗಬಲ್ಲವರಿಗೆ ಚೆನ್ನೈನ ರಾಷ್ಟ್ರೀಯ ಎಪಿಡೆಮಿಯಾಲಜಿ ಸಂಸ್ಥೆ, ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ತಿರುವನಂತಪುರದ ಅಚ್ಯುತ ಮೇನನ್ ಕೇಂದ್ರ ಇವೆ. ಇವುಗಳಲ್ಲಿ ಕೆಲವು ಯಾವುದೇ ಪದವಿಯವರಿಗೆ ತೆರೆದಿವೆ. ಕೆಲವು ವೈದ್ಯಕೀಯ, ನರ್ಸಿಂಗ್ ಮುಂತಾದ ನಿರ್ದಿಷ್ಟ ಪದವಿಗಳನ್ನೋ ಕೆಲಸದ ಅನುಭವವನ್ನೋ ಕೇಳುತ್ತವೆ. ಅರ್ಹತೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಸಾಲಿನ ಪ್ರಕಟಣೆಯನ್ನೇ ಓದಿ. ಹಿರಿಯ ವಿದ್ಯಾರ್ಥಿಗಳು ಬಾಯಿಮಾತಿನಲ್ಲಿ ಹೇಳಿದ್ದನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ಸಿಯುಇಟಿ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯಿದೆ, ಅದರ ಅರ್ಜಿ ಬಹಳ ಮೊದಲೇ ಮುಗಿದುಹೋಗುತ್ತದೆ.

ಕೊನೆಯದಾಗಿ ಒಂದು ಸಣ್ಣ ಕೆಲಸ. ಪ್ರತಿ ಕ್ಷೇತ್ರಕಾರ್ಯ ಮುಗಿದ ದಿನವೇ ಆ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯಿಂದ ನೀವು ಮಾಡಿದ ಕೆಲಸ, ದಿನಾಂಕ ಮತ್ತು ಊರಿನ ಹೆಸರಿರುವ ಪತ್ರವೊಂದನ್ನು ಸಹಿ ಮತ್ತು ಮೊಹರಿನೊಂದಿಗೆ ಪಡೆದುಕೊಳ್ಳಿ. ಎರಡು ವರ್ಷ ಬಿಟ್ಟು ಹೋದರೆ ಅವರಿಗೆ ವರ್ಗಾವಣೆಯಾಗಿರುತ್ತದೆ, ಹೊಸದಾಗಿ ಬಂದವರು ನಿಮ್ಮನ್ನು ನೋಡಿರುವುದಿಲ್ಲ. ಆ ಪತ್ರಗಳನ್ನು ನಿಮ್ಮ ಕ್ಷೇತ್ರ ದಿನಚರಿಯ ಜೊತೆ ಒಂದೇ ಕಡತದಲ್ಲಿಡಿ. ಎಂಪಿಎಚ್ ಸಂದರ್ಶನದ ಮೇಜಿನ ಮೇಲೆ ಅಂಕಪಟ್ಟಿಯ ಪಕ್ಕದಲ್ಲಿ ಇಡಬೇಕಾದದ್ದು ಆ ಕಡತ.